ಓದುಗರ ಪ್ರಶ್ನೆ: ಕಾಠಿಯಾವಾಡಿ ಕುದುರೆ ಮತ್ತು ಅದರ ರೇವಾಲ್ ನಡೆ

ಕಾಠಿಯಾವಾಡಿ ಕುದುರೆಯ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಗುಜರಾತಿನ ಸೌರಾಷ್ಟ್ರ ಇದರ ತವರು. ಎತ್ತರ ಸುಮಾರು 147 ಸೆಂ.ಮೀ., ಅಂದರೆ ಕುದುರೆಯವರ ಲೆಕ್ಕದಲ್ಲಿ ಹದಿನಾಲ್ಕು ಹಿಡಿ ಎರಡು ಇಂಚು. 2019ರ ಜಾನುವಾರು ಗಣತಿಯಲ್ಲಿ ದೇಶದ ಕುದುರೆ, ತಟ್ಟುಗಳೆಲ್ಲ ಸೇರಿ 3.4 ಲಕ್ಷ ಸಿಕ್ಕವು. 2012ಕ್ಕೆ ಹೋಲಿಸಿದರೆ ಶೇ. 45.6ರಷ್ಟು ಇಳಿಕೆ. ಅದರಲ್ಲಿ ಈ ತಳಿಯ ಪಾಲು ಬಹಳ ಸಣ್ಣದು. ಬಂದ ಪತ್ರಗಳಲ್ಲಿ ಹೆಚ್ಚಿನವು ಕಿವಿ, ಬಣ್ಣ, ಎತ್ತರ ಕೇಳುತ್ತವೆ. ನಡೆಯ ಬಗ್ಗೆ ಕೇಳಿದವರು ಕಡಿಮೆ. ನಮ್ಮ ಪ್ರಕಾರ ಈ ಕುದುರೆಯ ಜೀವಾಳವೇ ಅದರ ನಡೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇವೆ.

ರೇವಾಲ್ ನಡೆ ಎಂದರೇನು? ಮಾರುವವರು ‘ರೇವಾಲ್ ಇದೆ’ ಎಂದರೆ ನಾವು ಹೇಗೆ ಪರೀಕ್ಷಿಸುವುದು?
— ಹುಬ್ಬಳ್ಳಿಯ ಓದುಗರು

ಸಾಮಾನ್ಯ ಕುದುರೆ ನಡಿಗೆಯಿಂದ ವೇಗ ಹೆಚ್ಚಿಸಿದಾಗ ದುಡುಕಿ ಓಟಕ್ಕೆ ಬೀಳುತ್ತದೆ. ದುಡುಕಿಯಲ್ಲಿ ಕಾಲುಗಳು ಓರೆಯಾಗಿ ಜೋಡಿ ಕಟ್ಟುತ್ತವೆ: ಎಡ ಮುಂಗಾಲಿನ ಜೊತೆ ಬಲ ಹಿಂಗಾಲು, ಬಲ ಮುಂಗಾಲಿನ ಜೊತೆ ಎಡ ಹಿಂಗಾಲು. ಒಂದು ಜೋಡಿ ಎದ್ದು ಇನ್ನೊಂದು ಜೋಡಿ ಊರುವ ನಡುವೆ ಕುದುರೆಯ ನಾಲ್ಕೂ ಕಾಲು ಕ್ಷಣಕಾಲ ನೆಲ ಬಿಟ್ಟಿರುತ್ತವೆ. ಸವಾರನ ಸೊಂಟಕ್ಕೆ ಬಡಿಯುವುದು ಆ ಕ್ಷಣದ ಏಳುಬೀಳು.

ರೇವಾಲಿನಲ್ಲಿ ಜೋಡಿ ಒಂದೇ ಪಕ್ಕದ್ದು. ಎಡ ಹಿಂಗಾಲು, ಅದರ ಬೆನ್ನಿಗೇ ಎಡ ಮುಂಗಾಲು. ಆಮೇಲೆ ಬಲ ಹಿಂಗಾಲು, ಬಲ ಮುಂಗಾಲು. ಒಳ್ಳೆಯ ರೇವಾಲಿನಲ್ಲಿ ಯಾವಾಗಲೂ ಒಂದಾದರೂ ಕಾಲು ನೆಲದ ಮೇಲಿರುತ್ತದೆ. ಹಾಗಾಗಿ ಬೆನ್ನು ಮೇಲೆ ಕೆಳಗೆ ಕುಪ್ಪಳಿಸುವುದಿಲ್ಲ, ಸವಾರ ತಡಿಯ (ಜೀನಿನ) ಮೇಲೆ ಅಂಟಿಕೊಂಡಂತೆ ಕೂತಿರುತ್ತಾನೆ.

ಇಲ್ಲೊಂದು ಸೂಕ್ಷ್ಮವಿದೆ. ಒಂದೇ ಪಕ್ಕದ ಎರಡು ಕಾಲು ಚೂರು ಹಿಂದುಮುಂದಾಗಿ ಬಿದ್ದರೆ ನಾಲ್ಕು ಸದ್ದು. ಎರಡೂ ಒಟ್ಟಿಗೇ ಬಿದ್ದರೆ ಎರಡೇ ಸದ್ದು, ಒಂಟೆಯ ಓಟದ ಹಾಗೆ. ಪೇಟೆಯಲ್ಲಿ ಎರಡನ್ನೂ ರೇವಾಲ್ ಎಂದೇ ಮಾರುತ್ತಾರೆ. ಆದರೆ ಎರಡು ಸದ್ದಿನದು ಸವಾರನನ್ನು ಎಡಬಲ ತೂಗುತ್ತದೆ, ಏರುತಗ್ಗಿನ ನೆಲದಲ್ಲಿ ಮುಗ್ಗರಿಸುವುದೂ ಹೆಚ್ಚು. ನೀವು ಹುಡುಕಬೇಕಾದ್ದು ನಾಲ್ಕು ಸದ್ದಿನದನ್ನು.

ಪರೀಕ್ಷೆ ಕಷ್ಟವಲ್ಲ. ಕುದುರೆಯನ್ನು ಗಟ್ಟಿ ನೆಲದ ಮೇಲೆ ಓಡಿಸಲು ಹೇಳಿ ನೀವು ಕಣ್ಣು ಮುಚ್ಚಿ ಕೇಳಿ. ತ-ಕ-ಧಿ-ಮಿ, ತ-ಕ-ಧಿ-ಮಿ ಎಂದು ನಾಲ್ಕೂ ಬಿಡಿಬಿಡಿಯಾಗಿ ಕೇಳಿದರೆ ಸರಿ. ‘ತಾ... ತಾ...’ ಎಂದು ಎರಡೇ ಕೇಳಿದರೆ ಅದು ದುಡುಕಿ, ಇಲ್ಲವೇ ಒಂಟೆ ನಡೆ. ಯಾವುದೆಂದು ತಿಳಿಯಲು ಹಿಂದೆ ನಿಂತು ಪೃಷ್ಠ ನೋಡಿ: ದುಡುಕಿಯಲ್ಲಿ ಅದು ಮೇಲೆ ಕೆಳಗೆ ಆಡುತ್ತದೆ, ಒಂಟೆ ನಡೆಯಲ್ಲಿ ಎಡಬಲ ತೂಗುತ್ತದೆ. ಮೊಬೈಲಿನ ನಿಧಾನ ಚಲನೆಯ ವಿಡಿಯೋವನ್ನು ಪಕ್ಕದಿಂದ ತೆಗೆದರೆ ಅನುಮಾನವೇ ಉಳಿಯುವುದಿಲ್ಲ. ಕೊನೆಗೆ ಸವಾರನ ಕೈಗೆ ತುಂಬಿದ ಲೋಟ ಕೊಟ್ಟು ನೂರು ಮೀಟರ್ ಹೋಗಿಬರಲು ಹೇಳಿ, ನೀರು ಎಷ್ಟು ಉಳಿಯಿತು ನೋಡಿ. ಇಷ್ಟನ್ನೂ ಒಮ್ಮೆ ಮಾರುವವರ ಸವಾರನಿಂದ, ಇನ್ನೊಮ್ಮೆ ನಿಮ್ಮ ಕಡೆಯ ಸವಾರನಿಂದ ಮಾಡಿಸಿ. ಲಗಾಮು ಬಿಗಿಹಿಡಿದು ತಲೆ ಮೇಲೆತ್ತಿಸಿದಾಗ ಮಾತ್ರ ಬರುವ ನಡೆ ಹುಟ್ಟುನಡೆಯಲ್ಲ.

ಒಂದೇ ಪಕ್ಕದ ಕಾಲುಗಳು ಜೋಡಿ ಕಟ್ಟುವ ಇಂಥ ‘ಪಕ್ಕನಡೆ’ಗೆ ವಂಶವಾಹಿಯ ನಂಟಿದೆ. ಐಸ್‌ಲ್ಯಾಂಡಿನ ಕುದುರೆಗಳಲ್ಲಿ ಡಿಎಂಆರ್‌ಟಿ3 ಎಂಬ ವಂಶವಾಹಿಯ ಒಂದು ಬದಲಾವಣೆಯೇ ಪಕ್ಕನಡೆಗೆ ದಾರಿ ಮಾಡಿಕೊಡುತ್ತದೆ ಎಂದು 2012ರಲ್ಲಿ ಪತ್ತೆಯಾಯಿತು. ಹಾಗೆಂದು ರಕ್ತದಲ್ಲಿದ್ದ ಮಾತ್ರಕ್ಕೆ ನಡೆ ಹದವಾಗುವುದಿಲ್ಲ. ಗೊರಸು, ಬೆನ್ನು, ಸವಾರನ ಕೈ ಮೂರೂ ಕೆಟ್ಟಿದ್ದರೆ ಒಳ್ಳೆಯ ರಕ್ತದ ಕುದುರೆಯೂ ಎಡವುತ್ತದೆ.

ಕಿವಿಯ ತುದಿಗಳು ಒಂದಕ್ಕೊಂದು ತಾಗದಿದ್ದರೆ ಅದು ಅಸಲಿ ಕಾಠಿಯಾವಾಡಿ ಅಲ್ಲವೇ? ಮಾರವಾಡಿ ಕುದುರೆಗೂ ಇದಕ್ಕೂ ವ್ಯತ್ಯಾಸ ತಿಳಿಸಿ.
— ಬಳ್ಳಾರಿಯ ಓದುಗರು

ಕಾಠಿಯಾವಾಡಿಯ ಕಿವಿ ನಿಜಕ್ಕೂ ನೋಡುವಂಥದ್ದು. ಬುಡದಲ್ಲಿ ದೂರದೂರ ಹುಟ್ಟಿ, ನೆಟ್ಟಗೆ ಎದ್ದು, ಮೇಲಿನ ಭಾಗದಲ್ಲಿ ಒಳಕ್ಕೆ ಬಾಗುತ್ತದೆ. ಕುದುರೆ ಮುಂದೆ ಏನನ್ನೋ ಗಮನಿಸಿ ಕಿವಿ ನಿಮಿರಿಸಿದಾಗ ಎರಡು ತುದಿಗಳು ತಾಗಿ ಒಂದು ಕಮಾನಾಗುತ್ತದೆ, ಕೆಲವಲ್ಲಿ ಒಂದರ ಮೇಲೊಂದು ಕೂರುವುದೂ ಉಂಟು. ಆದರೆ ಬಾಗಿದ ಕಿವಿ ಮಾರವಾಡಿಗೂ ಇದೆ, ಕಚ್ಛಿ-ಸಿಂಧಿ ಕುದುರೆಗೂ ಇದೆ, ಇವುಗಳ ಬೆರಕೆಗೂ ಇದೆ. ಕಿವಿಯೊಂದನ್ನೇ ನಂಬಿ ಹಣ ಎಣಿಸಬೇಡಿ.

ಪಕ್ಕದಿಂದ ಮುಖ ನೋಡಿ. ಕಾಠಿಯಾವಾಡಿಯದು ಅಗಲ ಹಣೆ, ಕಣ್ಣಿನ ಕೆಳಗೆ ಒಳಕ್ಕೆ ತಗ್ಗಿದ ಮೂಗಿನ ಗೆರೆ, ಮೊಟಕು ಮೂತಿ. ಮಾರವಾಡಿಯ ಮುಖ ಉದ್ದ, ಮೂಗಿನ ಗೆರೆ ನೇರ ಇಲ್ಲವೇ ತುಸು ಉಬ್ಬು, ಮೈಕಟ್ಟೂ ಎತ್ತರ. ಕಚ್ಛಿ-ಸಿಂಧಿಯ ಮೂಗಿನ ಗೆರೆ ಹೊರಕ್ಕೆ ಉಬ್ಬಿರುತ್ತದೆ, ನಡೆ ಅದರದೂ ರೇವಾಲ್. ಇನ್ನು ಬಣ್ಣ: ಕಾಠಿಯಾವಾಡಿಯಲ್ಲಿ ಕೆಂದು, ಕಂದು, ಬೂದು, ಮಸುಕು ಹಳದಿ ಎಲ್ಲವೂ ಬರುತ್ತವೆ, ಕಡುಗಪ್ಪು ಮಾತ್ರ ತಳಿಯ ಲಕ್ಷಣಕ್ಕೆ ಸೇರಿಲ್ಲ. ಮಸುಕು ಹಳದಿ ಕುದುರೆಯ ಬೆನ್ನುಹುರಿಯ ಉದ್ದಕ್ಕೂ ಒಂದು ಕಪ್ಪು ಗೆರೆ, ಮುಂಗಾಲಿನ ಮೇಲ್ಭಾಗದಲ್ಲಿ ಅಡ್ಡಪಟ್ಟೆಗಳಿದ್ದರೆ ಅದು ಚಿತ್ರಕ್ಕೆ ಬರೆದ ಹಾಗೆ ಕಾಣುತ್ತದೆ.

ಕುಲ ಗುರುತಿಸಲು ಸೌರಾಷ್ಟ್ರದವರು ತಾಯಿಯ ಹೆಸರು ಹಿಡಿಯುತ್ತಾರೆ. ಒಂದೊಂದು ಮನೆತನ ಸಾಕಿದ ಮೂಲ ಹೆಣ್ಣು ಕುದುರೆಯ ಹೆಸರೇ ಆ ವಂಶಕ್ಕೆ ನಿಂತಿದೆ: ತಾಜಣ, ಮಾಣಕಿ, ಹೀಗೆ ಇಪ್ಪತ್ತಕ್ಕೂ ಹೆಚ್ಚು. ಗುಜರಾತಿನ ತಳಿಗಾರರ ಸಂಘ ನೋಂದಣಿ ಪುಸ್ತಕ ಇಟ್ಟಿದೆ, ಜುನಾಗಢದಲ್ಲಿ ಸರ್ಕಾರದ ತಳಿ ಕೇಂದ್ರವಿದೆ. ನೋಂದಣಿ ಪತ್ರ, ಅದರಲ್ಲಿರುವ ತಂದೆತಾಯಿಯ ಹೆಸರು, ಕುದುರೆಯ ಕುತ್ತಿಗೆಯಲ್ಲಿರುವ ಮೈಕ್ರೋಚಿಪ್ಪಿನ ಸಂಖ್ಯೆ ಈ ಮೂರೂ ತಾಳೆಯಾಗಬೇಕು.

ವಯಸ್ಸನ್ನು ಬಾಯಲ್ಲೇ ಓದಿ. ಮಧ್ಯದ ಹಾಲುಹಲ್ಲು ಎರಡೂವರೆ ವರ್ಷಕ್ಕೆ, ಅದರ ಪಕ್ಕದ್ದು ಮೂರೂವರೆಗೆ, ಮೂಲೆಯದು ನಾಲ್ಕೂವರೆಗೆ ಬಿದ್ದು ಹೊಸದು ಬರುತ್ತದೆ. ಐದಕ್ಕೆ ಬಾಯಿ ತುಂಬುತ್ತದೆ. ಮೇಲಿನ ಮೂಲೆಹಲ್ಲಿನ ಹೊರಮೈಯಲ್ಲಿ ಒಸಡಿನಿಂದ ಒಂದು ಕಂದು ಗೀರು ಇಳಿಯತೊಡಗಿದರೆ ಹತ್ತು ದಾಟಿದೆ, ಅರ್ಧಕ್ಕೆ ಬಂದಿದ್ದರೆ ಹದಿನೈದರ ಆಸುಪಾಸು. ‘ಆರು ವರ್ಷ’ ಎಂದು ಮಾರುವ ಕುದುರೆಯಲ್ಲಿ ಆ ಗೀರು ಕಂಡರೆ ಮಾತು ಅಲ್ಲಿಗೇ ನಿಲ್ಲಿಸಿ.

ನನ್ನ ತೂಕ 86 ಕೆ.ಜಿ. ಕಾಠಿಯಾವಾಡಿ ನನ್ನನ್ನು ಹೊರಬಲ್ಲದೇ?
— ಬೆಂಗಳೂರಿನ ಓದುಗರು

ದಿನವೂ ಸವಾರಿ ಮಾಡಲು, ಬೇಡ. ಮೊದಲು ಕುದುರೆಯ ತೂಕ ಅಂದಾಜಿಸಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆದು ಅದನ್ನು ಅದರಿಂದಲೇ ಗುಣಿಸಿ. ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,877ರಿಂದ ಭಾಗಿಸಿ. ಸುತ್ತಳತೆ 160, ಉದ್ದ 145 ಇದ್ದರೆ ಸುಮಾರು 312 ಕೆ.ಜಿ. ಸವಾರ, ತಡಿ, ಚೀಲ ಎಲ್ಲ ಸೇರಿ ಕುದುರೆಯ ತೂಕದ ಶೇ. 20 ದಾಟಬಾರದು ಎಂಬುದು ಸವಾರಿ ಬಲ್ಲವರ ಲೆಕ್ಕ. ಇಲ್ಲಿ ಅದು 62 ಕೆ.ಜಿ. ತಡಿಗೇ ಆರೇಳು ಕೆ.ಜಿ. ಕಳೆದರೆ ಸವಾರನಿಗೆ ಉಳಿಯುವುದು 55.

ಭಾರ ಹೆಚ್ಚಾದರೆ ಮೊದಲು ಕೆಡುವುದು ನಡೆ. ಬೆನ್ನು ತಗ್ಗುತ್ತದೆ, ತಲೆ ಮೇಲೇರುತ್ತದೆ, ತಕಧಿಮಿ ಹೋಗಿ ಎರಡೇ ಸದ್ದು ಉಳಿಯುತ್ತದೆ. ಸವಾರಿ ಮುಗಿಸಿದ ಮೇಲೆ ಬೆನ್ನುಮೂಳೆಯ ಎರಡೂ ಪಕ್ಕ ನಾಲ್ಕು ಬೆರಳು ದೂರದಲ್ಲಿ ಹೆಬ್ಬೆರಳಿನಿಂದ ಒತ್ತುತ್ತಾ ಹೋಗಿ. ಕುದುರೆ ಬೆನ್ನು ಕುಗ್ಗಿಸಿದರೆ, ಕಿವಿ ಹಿಂದಕ್ಕೆ ಒತ್ತಿದರೆ ನೋವಿದೆ. ಈ ತಳಿಯ ಬೆನ್ನು ಮೋಟು. ದೊಡ್ಡ ಕುದುರೆಗೆ ಹೊಲಿದ ತಡಿ ಕೊನೆಯ ಪಕ್ಕೆಲುಬು ದಾಟಿ ಸೊಂಟದ ಮೇಲೆ ಕೂರುತ್ತದೆ, ಅದೂ ಇದೇ ನೋವಿಗೆ ಕಾರಣ. ತಡಿಯ ಮುಂಭಾಗಕ್ಕೂ ಹೆಗಲ ದಿಬ್ಬಕ್ಕೂ ನಡುವೆ, ಸವಾರ ಕೂತಾಗಲೂ, ಎರಡು ಬೆರಳು ಆಡಬೇಕು.

ನಮ್ಮಲ್ಲಿ ಜೋಳದ ಕಣಿಕೆ, ಶೇಂಗಾ ಹೊಟ್ಟು, ನೇಪಿಯರ್ ಹುಲ್ಲು, ಹುರುಳಿ ಇವೆ. ಹಸುಗಳಿಗೆ ತರುವ ಪಶು ಆಹಾರವೂ ಇದೆ. ಕುದುರೆಗೆ ಏನು, ಎಷ್ಟು ಕೊಡಬೇಕು?
— ವಿಜಯಪುರ ಜಿಲ್ಲೆಯ ಓದುಗರು

ಮೊದಲು ಪಶು ಆಹಾರದ ಮಾತು, ಏಕೆಂದರೆ ಅದು ಜೀವದ ಪ್ರಶ್ನೆ. ಹಸು, ಕೋಳಿಗಳ ಕೆಲವು ಸಿದ್ಧ ಆಹಾರಗಳಲ್ಲಿ ಮೊನೆನ್ಸಿನ್ ಎಂಬ ಔಷಧ ಬೆರೆಸಿರುತ್ತಾರೆ. ಹಸು ತಡೆದುಕೊಳ್ಳುವಷ್ಟು ಪ್ರಮಾಣವೇ ಕುದುರೆಯ ಹೃದಯದ ಸ್ನಾಯುವನ್ನು ಕೊಂದುಬಿಡುತ್ತದೆ, ಅದಕ್ಕೆ ಮದ್ದಿಲ್ಲ. ಚೀಲ ಬೇರೆ ಇಟ್ಟರೆ ಸಾಲದು, ಬುಟ್ಟಿ, ಮೊರ, ಬಾನಿ ಎಲ್ಲವೂ ಬೇರೆಯಿರಲಿ.

ಸುಮಾರು 310 ಕೆ.ಜಿ.ಯ, ದಿನಕ್ಕೆ ಒಂದು ಗಂಟೆ ಹಗುರ ಸವಾರಿ ಮಾಡುವ ಕುದುರೆಗೆ ಒಟ್ಟು ಒಣ ಲೆಕ್ಕದಲ್ಲಿ ದಿನಕ್ಕೆ ಆರು ಕೆ.ಜಿ. ಆಹಾರ ಸಾಕು. ಅದರಲ್ಲಿ ಐದು ಕೆ.ಜಿ.ಯಷ್ಟು ಮೇವೇ ಇರಬೇಕು. ನಿಮ್ಮಲ್ಲಿ ಶೇಂಗಾ ಹೊಟ್ಟು ಇರುವುದು ಅದೃಷ್ಟ. ಸೌರಾಷ್ಟ್ರವೂ ಶೇಂಗಾ ಬೆಳೆಯುವ ಸೀಮೆ, ಈ ಕುದುರೆಯ ಹೊಟ್ಟೆಗೆ ಅದು ಹೊಸತಲ್ಲ. ಎರಡು ಕೆ.ಜಿ. ಶೇಂಗಾ ಹೊಟ್ಟು, ಮೂರು ಕೆ.ಜಿ. ಕತ್ತರಿಸಿದ ಒಣ ಕಣಿಕೆ ಅಥವಾ ಒಣಹುಲ್ಲು ಕೊಡಿ. ಹೊಟ್ಟನ್ನು ಜರಡಿ ಹಿಡಿದು ಮಣ್ಣು ತೆಗೆಯಿರಿ, ಇಲ್ಲದಿದ್ದರೆ ಮರಳು ಕರುಳಿನ ತಳದಲ್ಲಿ ಕೂತು ಹೊಟ್ಟೆಶೂಲೆ ತರುತ್ತದೆ. ಬೂಷ್ಟು ವಾಸನೆ ಬಂದ ಹೊಟ್ಟನ್ನು ಗೊಬ್ಬರಕ್ಕೆ ಹಾಕಿ.

ಹಸಿ ಜೋಳ ಕುದುರೆಗೆ ಬೇಡ. ಎಳೆಯ ಪೈರಿನ ವಿಷದ ಮಾತು ರೈತರೆಲ್ಲ ಬಲ್ಲರು. ಕುದುರೆಯಲ್ಲಿ ಇನ್ನೂ ಒಂದಿದೆ: ವಾರಗಟ್ಟಲೆ ಹಸಿ ಜೋಳ ತಿಂದರೆ ಹಿಂಗಾಲು ಓಲಾಡತೊಡಗುತ್ತದೆ, ಮೂತ್ರ ತೊಟ್ಟಿಕ್ಕುತ್ತದೆ, ಮೂತ್ರಚೀಲ ಊದಿಕೊಳ್ಳುತ್ತದೆ. ನೇಪಿಯರ್ ಹುಲ್ಲನ್ನು ಮುಖ್ಯ ಮೇವು ಮಾಡಬೇಡಿ. ಅದರ ಆಕ್ಸಲೇಟು ಸುಣ್ಣದಂಶವನ್ನು ಹಿಡಿದಿಟ್ಟು ಮೂಳೆಗೆ ಸಿಗದಂತೆ ಮಾಡುತ್ತದೆ. ಹಸಿರು ಬೇಕೆಂದರೆ ಹೆಸರಿನಲ್ಲೇ ಕುದುರೆ ಇರುವ ಸೊಪ್ಪಿದೆಯಲ್ಲ, ಕುದುರೆಮೆಂತೆ, ಅದನ್ನು ಅರ್ಧ ದಿನ ಬಾಡಿಸಿ ಎರಡು ಮೂರು ಕೆ.ಜಿ. ಹಾಕಿ.

ಹುರುಳಿಯನ್ನು ಹಸಿಯಾಗಿ ಕೊಡಬೇಡಿ. ಅದರಲ್ಲಿರುವ ಒಂದು ಅಂಶ ಸಸಾರಜನಕ ಜೀರ್ಣವಾಗದಂತೆ ತಡೆಯುತ್ತದೆ, ಬೆಂದಾಗ ಅದು ಹೋಗುತ್ತದೆ. ಒಣ ತೂಕದಲ್ಲಿ 400ರಿಂದ 500 ಗ್ರಾಂ ಹುರುಳಿಯನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಬೆರಳಿನಲ್ಲಿ ಹಿಚುಕಿದರೆ ಹಿಸುಕುವಷ್ಟು ಬೇಯಿಸಿ, ಆರಿಸಿ, ಎರಡು ಹೊತ್ತಿಗೆ ಹಂಚಿ. ಜೊತೆಗೆ ಅರ್ಧ ಕೆ.ಜಿ. ಜವೆಗೋಧಿ ಅಥವಾ ಓಟ್ಸ್ ನುಚ್ಚು. ಗೋಧಿ ಬೂಸಾ ಕಾಲು ಕೆ.ಜಿ. ಮೀರದಿರಲಿ. ಬೂಸಾದಲ್ಲಿ ರಂಜಕ ಹೆಚ್ಚು, ಸುಣ್ಣ ಕಡಿಮೆ. ತಿಂಗಳುಗಟ್ಟಲೆ ಬೂಸಾವನ್ನೇ ಸುರಿದರೆ ಕುದುರೆ ತನ್ನ ಮೂಳೆಯ ಸುಣ್ಣವನ್ನೇ ಕರಗಿಸಿ ಸರಿದೂಗಿಸುತ್ತದೆ, ದವಡೆ, ಮುಖದ ಎಲುಬು ಊದಿ ತಲೆ ದಪ್ಪವಾಗುತ್ತದೆ, ಕಾಲು ಅಲ್ಲಿಷ್ಟು ಇಲ್ಲಿಷ್ಟು ಕುಂಟುತ್ತದೆ. ಆಹಾರ ದರ್ಜೆಯ ಸುಣ್ಣಕಲ್ಲಿನ ಪುಡಿ 30 ಗ್ರಾಂ, ಉಪ್ಪು 30 ಗ್ರಾಂ ದಿನವೂ ಸೇರಿಸಿ. ನೀರು 25ರಿಂದ 30 ಲೀಟರ್, ನಿಮ್ಮ ಏಪ್ರಿಲ್ ಬಿಸಿಲಿಗೆ 40 ದಾಟಿದರೂ ಆಶ್ಚರ್ಯವಿಲ್ಲ.

ಒಂದು ಎಚ್ಚರಿಕೆ. ಬರದ ನಾಡಿನ ಕುದುರೆ ಇದು, ಕಡಿಮೆಯಲ್ಲಿ ಬದುಕಲು ಹುಟ್ಟಿದ್ದು. ಪ್ರೀತಿಯಿಂದ ಬೆಲ್ಲ, ಕಾಳು ಹೆಚ್ಚು ಹಾಕಿದರೆ ಕುತ್ತಿಗೆಯ ಜೂಲಿನ ಬುಡದಲ್ಲಿ ಗಟ್ಟಿ ಕೊಬ್ಬು ಕೂರುತ್ತದೆ. ಅದರ ಮುಂದಿನ ಹಂತ ಗೊರಸಿನೊಳಗಿನ ಉರಿಯೂತ: ಮುಂಗಾಲು ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಿಲ್ಲುತ್ತದೆ, ಗೊರಸು ಮುಟ್ಟಿದರೆ ಬಿಸಿ. ಅಲ್ಲಿಗೆ ಬಂದ ಕುದುರೆ ಮತ್ತೆ ಮೊದಲಿನ ರೇವಾಲ್ ಹಾಕುವುದು ಕಷ್ಟ. ಪಕ್ಕೆಲುಬು ಕಣ್ಣಿಗೆ ಕಾಣದೆ, ಕೈಯಾಡಿಸಿದರೆ ಸಿಗುವಂತಿದ್ದರೆ ಮೈ ಹದವಾಗಿದೆ.

ಕುದುರೆಗೆ ಅಶುಭ ಸುಳಿ ಇದೆ ಎಂದು ಮನೆಯಲ್ಲಿ ಬೇಡ ಎನ್ನುತ್ತಿದ್ದಾರೆ. ಉಳಿದೆಲ್ಲ ಚೆನ್ನಾಗಿದೆ. ಏನು ಮಾಡಲಿ?
— ಹಾವೇರಿಯ ಓದುಗರು

ಸುಳಿ ಎಂದರೆ ಕೂದಲು ಬೆಳೆಯುವ ದಿಕ್ಕು ತಿರುಗಿದ ಜಾಗ, ಅಷ್ಟೆ. ಅದಕ್ಕೂ ಕಾಲಿಗೂ ಶ್ವಾಸಕ್ಕೂ ಸಂಬಂಧವಿಲ್ಲ. ಆದರೆ ಪೇಟೆಯಲ್ಲಿ ಬೆಲೆಗೆ ಸಂಬಂಧವಿದೆ. ಗಂಟಲ ಬಳಿ ದೇವಮಣಿ ಸುಳಿಯಿದ್ದರೆ ಬೆಲೆ ಏರುತ್ತದೆ, ಕೆಟ್ಟದೆನ್ನುವ ಸುಳಿಯಿದ್ದರೆ ಇಳಿಯುತ್ತದೆ. ಒಳ್ಳೆಯ ನಡೆಯ ಕುದುರೆ ಸುಳಿಯ ಕಾರಣಕ್ಕೆ ಕಡಿಮೆ ಬೆಲೆಗೆ ಸಿಗುತ್ತಿದ್ದರೆ ಕೊಳ್ಳಿ. ಮುಂದೆ ಮಾರುವಾಗ ನಿಮಗೂ ಕಡಿಮೆಯೇ ಸಿಗುತ್ತದೆ ಎಂಬುದು ನೆನಪಿರಲಿ.

ಕೊಂಡಾಗ ನಾಲ್ಕು ಸದ್ದಿನಲ್ಲಿ ಚೆನ್ನಾಗಿ ಹೋಗುತ್ತಿದ್ದ ಹೆಣ್ಣು ಕುದುರೆ ಐದಾರು ತಿಂಗಳಲ್ಲಿ ಎಡಬಲ ತೂಗುತ್ತಾ ಎಡವತೊಡಗಿದೆ. ಒಂದೇ ಪಕ್ಕದ ಮುಂಗಾಲು-ಹಿಂಗಾಲಿಗೆ ಹಗ್ಗ ಕಟ್ಟಿ ಓಡಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ ತರಬೇತಿ ಕೊಡುವವರು.
— ಬೆಳಗಾವಿಯ ಓದುಗರು

ಹಗ್ಗ ಕಟ್ಟಬೇಡಿ. ನಿಮ್ಮ ಕುದುರೆಯ ತೊಂದರೆಯೇ ಒಂದು ಪಕ್ಕದ ಕಾಲುಗಳು ಒಟ್ಟಿಗೆ ಏಳುವುದು. ಹಗ್ಗ ಅದನ್ನೇ ಇನ್ನಷ್ಟು ಗಟ್ಟಿ ಮಾಡುತ್ತದೆ. ಮೇಲಾಗಿ ಒಂದು ಕಾಲು ಎಡವಿದರೆ ಇನ್ನೊಂದನ್ನೂ ಎಳೆದು ಬೀಳಿಸುತ್ತದೆ, ಮುಂಗಾಲಿನ ಹಿಂದಿನ ಸ್ನಾಯುರಜ್ಜು ಹರಿಯುವುದು ಹೀಗೆಯೇ.

ಮೊದಲು ಗೊರಸು ನೋಡಿ. ಆರು ತಿಂಗಳಲ್ಲಿ ಎಷ್ಟು ಸಲ ಕೆತ್ತಿಸಿದ್ದೀರಿ? ಆರರಿಂದ ಎಂಟು ವಾರಕ್ಕೊಮ್ಮೆ ಆಗಬೇಕು. ಗೊರಸಿನ ಮುಂತುದಿ ಉದ್ದ ಬೆಳೆದರೆ ಕಾಲು ನೆಲ ಬಿಡುವುದು ತಡವಾಗುತ್ತದೆ. ಒಂದು ಕಾಲು ಕಣ್ಣು ಮಿಟುಕಿಸುವಷ್ಟು ತಡವಾದರೂ ನಾಲ್ಕರ ಲೆಕ್ಕ ತಪ್ಪುತ್ತದೆ. ಕುದುರೆಯನ್ನು ಸಮನೆಲದಲ್ಲಿ ನಿಲ್ಲಿಸಿ ಪಕ್ಕದಿಂದ ನೋಡಿ: ಗೊರಸಿನ ಮುಂಗೆರೆಯೂ ಅದರ ಮೇಲಿನ ಗಿಣ್ಣಿನ ಗೆರೆಯೂ ಒಂದೇ ನೇರದಲ್ಲಿರಬೇಕು. ಗೊರಸಿನ ಗೆರೆ ಮುಂದಕ್ಕೆ ಚಾಚಿ ಮಡಚಿದಂತಿದ್ದರೆ ತುದಿ ಉದ್ದವಾಗಿದೆ. ಲಾಳ ಹೊಡೆಯುವವರಿಗೆ ಇದನ್ನು ತೋರಿಸಿ ಹೇಳಿ. ನಡೆಗೆ ಗತ್ತು ಬರಲೆಂದು ತೂಕದ ಲಾಳ ಹಾಕಿಸಬೇಡಿ.

ಆಮೇಲೆ ಬೆನ್ನು, ಬಾಯಿ. ಬೆನ್ನೊತ್ತಿ ನೋಡುವ ಕ್ರಮ ಮೇಲೆ ಹೇಳಿದ್ದೇವೆ. ಹಲ್ಲಿನ ಅಂಚು ಚೂಪಾಗಿ ಕೆನ್ನೆ ಕೊಯ್ಯುತ್ತಿದ್ದರೂ ಕುದುರೆ ತಲೆಯೆತ್ತಿ ಬೆನ್ನು ತಗ್ಗಿಸುತ್ತದೆ. ಪಶುವೈದ್ಯರಿಂದ ಹಲ್ಲು ಉಜ್ಜಿಸಿ. ಪಕ್ಕನಡೆಯ ಕುದುರೆಯಲ್ಲಿ ಸಣ್ಣ ಕುಂಟು ಕಾಣುವುದು ಕಷ್ಟ, ಏಕೆಂದರೆ ಕುಂಟು ಎದ್ದು ಕಾಣುವುದು ದುಡುಕಿ ಓಟದಲ್ಲಿ. ‘ನಡೆ ಕೆಟ್ಟಿದೆ’ ಎಂದುಕೊಂಡದ್ದು ನೋವೇ ಆಗಿರಬಹುದು.

ನೋವಿಲ್ಲ ಎಂದು ಖಚಿತವಾದ ಮೇಲೆ ಪಾಠ ಹೊಸದಾಗಿ ಶುರು ಮಾಡಿ. ಮೊದಲ ಮೂರು ವಾರ ಬರೀ ನಡಿಗೆ, ದಿನಕ್ಕೆ 30ರಿಂದ 40 ನಿಮಿಷ, ಲಗಾಮು ಸಡಿಲ, ತಲೆ ಕೆಳಗೆ, ದೊಡ್ಡ ದೊಡ್ಡ ಸುತ್ತು. ನಾಲ್ಕನೇ ವಾರದಿಂದ ಮೂರು ನಾಲ್ಕು ಇಂಚು ದಪ್ಪದ ಐದು ಗಳಗಳನ್ನು ಎರಡೂವರೆ ಅಡಿ ಅಂತರದಲ್ಲಿ ನೆಲದ ಮೇಲೆ ಅಡ್ಡಡ್ಡ ಹಾಕಿ, ಉರುಳದಂತೆ ಎರಡೂ ತುದಿಗೆ ಮಣ್ಣು ಕೊಟ್ಟು, ಅದರ ಮೇಲೆ ನಡೆಸಿ. ಅಂತರ ನಿಮ್ಮ ಕುದುರೆಯ ಹೆಜ್ಜೆಗೆ ಸರಿಯಾಗಿ ಒಂದೆರಡು ಇಂಚು ಹೆಚ್ಚುಕಡಿಮೆ ಮಾಡಿಕೊಳ್ಳಿ. ಗಳ ದಾಟುವಾಗ ಒಂದೊಂದು ಕಾಲನ್ನೂ ಬೇರೆಬೇರೆ ಎತ್ತಲೇಬೇಕು, ಒಟ್ಟಿಗೆ ಏಳುವ ಚಟ ಅಲ್ಲಿ ಬಿಡುತ್ತದೆ. ಆಮೇಲೆ ಸಣ್ಣ ಏರು ಹುಡುಕಿ. ಏರು ಹತ್ತುವಾಗ ಪಕ್ಕದ ಜೋಡಿ ಸಡಿಲುತ್ತದೆ. ದುಡುಕಿಗೆ ಬೀಳುವ ಕುದುರೆಗಾದರೆ ಇದಕ್ಕೆ ತಿರುಗಾ, ಸಣ್ಣ ಇಳಿಜಾರು ಬೇಕು.

ಆರನೇ ವಾರದ ಹೊತ್ತಿಗೆ ಚುರುಕು ನಡಿಗೆಯಿಂದ ಮೆಲ್ಲಗೆ ರೇವಾಲಿಗೆ ಕೇಳಿ. ಇಪ್ಪತ್ತು ಹೆಜ್ಜೆ ಸಾಕು. ತಕಧಿಮಿ ಕಲಸುವ ಮೊದಲೇ ನಡಿಗೆಗೆ ಇಳಿಸಿ, ಕುತ್ತಿಗೆ ತಟ್ಟಿ, ಮತ್ತೆ ಕೇಳಿ. ದಿನಕ್ಕೆ ಹತ್ತು ಹೆಜ್ಜೆ ಏರಿಸುತ್ತಾ ಹೋಗಿ. ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಚೆನ್ನಾಗಿ ಬಂತೆಂದು ಆಸೆಯಿಂದ ಇನ್ನೂ ಅರ್ಧ ಕಿಲೋಮೀಟರ್ ಓಡಿಸುವುದು. ದಣಿದ ಕುದುರೆ ಹಳೆಯ ಚಟಕ್ಕೇ ಮರಳುತ್ತದೆ.

ಮುಳ್ಳಿರುವ ಕಡಿವಾಣ ಇಲ್ಲದೆ ಈ ಕುದುರೆ ಹಿಡಿತಕ್ಕೆ ಬರುವುದಿಲ್ಲ ಎನ್ನುತ್ತಾರೆ. ನಿಜವೇ?
— ಧಾರವಾಡದ ಓದುಗರು

ನಿಜವಲ್ಲ. ಮುಳ್ಳಿನ ಕಡಿವಾಣವನ್ನು ಕೇಂದ್ರ ಸರ್ಕಾರದ 1965ರ ಪ್ರಾಣಿಹಿಂಸೆ ತಡೆ ನಿಯಮಗಳೇ ನಿಷೇಧಿಸಿವೆ. ಬಾಯಿಂದ ಬರುವ ನೊರೆ ಗುಲಾಬಿ ಬಣ್ಣಕ್ಕಿದ್ದರೆ ನಾಲಗೆ ಕೊಯ್ದಿದೆ ಎಂದೇ ಅರ್ಥ. ನಡುವೆ ಕೀಲಿರುವ ನುಣುಪಾದ ಸಾದಾ ಕಡಿವಾಣ ಸಾಕು. ಅಳತೆಗೆ ಬಾಯಿಯಲ್ಲಿ ಅಡ್ಡ ಒಂದು ದಾರ ಹಿಡಿದು ಎರಡೂ ತುಟಿಯ ಅಂಚಿಗೆ ಗುರುತು ಮಾಡಿ, ಎರಡೂ ಕಡೆ ಕಾಲಿಂಚು ಸೇರಿಸಿ. ಕಟ್ಟಿದಾಗ ತುಟಿಯ ಮೂಲೆಯಲ್ಲಿ ಒಂದು ಮಡಿಕೆ ಬೀಳಬೇಕು, ಮೂರು ಬಿದ್ದರೆ ಬಿಗಿಯಾಯಿತು. ಮುಳ್ಳಿಗೆ ಹೆದರಿ ತಲೆಯೆತ್ತುವ ಕುದುರೆಯ ಗತ್ತನ್ನು ನೋಡುವವರು ಮೆಚ್ಚುತ್ತಾರೆ, ಅದರ ಬೆನ್ನು ಮಾತ್ರ ನೋಯುತ್ತಿರುತ್ತದೆ.

ಸೌರಾಷ್ಟ್ರದಿಂದ ಲಾರಿಯಲ್ಲಿ ಕುದುರೆ ತರುವಾಗ ಏನೇನು ನೋಡಿಕೊಳ್ಳಬೇಕು?
— ಕಲಬುರಗಿಯ ಓದುಗರು

ಹೊರಡುವ ಮೊದಲು ರಕ್ತ ಪರೀಕ್ಷೆ. ಗ್ಲ್ಯಾಂಡರ್ಸ್ ಎಂಬ ರೋಗ ಮನುಷ್ಯರಿಗೂ ಅಂಟುತ್ತದೆ. ಕುದುರೆಯಲ್ಲಿ ಖಚಿತವಾದರೆ ಚಿಕಿತ್ಸೆ ಇಲ್ಲ, ದಯಾಮರಣವೇ ಗತಿ. ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಇದರ ಪರೀಕ್ಷೆ ಆಗುತ್ತದೆ. ಕುದುರೆ ಇರುವ ಊರಿನ ಪಶುವೈದ್ಯರ ಮೂಲಕ ರಕ್ತದ ಮಾದರಿ ಕಳಿಸಿ, ವರದಿ ಕೈಗೆ ಬಂದ ಮೇಲೇ ಉಳಿದ ಹಣ ಕೊಡಿ. ಸೋಂಕಿನ ರಕ್ತಹೀನತೆ, ಸರ್ರಾ ಎರಡಕ್ಕೂ ಅದೇ ಸಲಕ್ಕೆ ಪರೀಕ್ಷೆ ಮಾಡಿಸಿ. ಸರ್ರಾ ಹರಡುವುದು ಕುದುರೆನೊಣದಿಂದ. ಬಿಟ್ಟುಬಿಟ್ಟು ಜ್ವರ, ಹೊಟ್ಟೆಯಡಿ ಬಾವು, ಹಿಂಗಾಲಿನ ನಿತ್ರಾಣ ಅದರ ಗುರುತು.

ಸಾವಿರ ಕಿಲೋಮೀಟರಿಗೂ ಮಿಗಿಲಾದ ದಾರಿ. ಲಾರಿಯ ನೆಲಕ್ಕೆ ಜಾರದಂತೆ ಮರಳು, ಮೇಲೆ ಹುಲ್ಲು ಹಾಸಿ. ಅತಿ ಮುಖ್ಯವಾದದ್ದು ಕುದುರೆ ತಲೆ ತಗ್ಗಿಸುವಷ್ಟು ಹಗ್ಗ ಬಿಡುವುದು. ತಲೆ ಮೇಲೆ ಬಿಗಿದು ಕಟ್ಟಿದರೆ ಮೂಗಿನ ಧೂಳು, ಲೋಳೆ ಕೆಳಗಿಳಿಯದೆ ಶ್ವಾಸಕೋಶ ಸೇರಿ ಎರಡು ಮೂರು ದಿನಕ್ಕೆ ನ್ಯುಮೋನಿಯಾ ಆಗುತ್ತದೆ. ನಾಲ್ಕೈದು ಗಂಟೆಗೊಮ್ಮೆ ನಿಲ್ಲಿಸಿ ನೀರು, ಹುಲ್ಲು ತೋರಿಸಿ. ಬಂದ ಮೇಲೆ ಮೂವತ್ತು ದಿನ ಬೇರೆ ಲಾಯ, ಬೇರೆ ಬಕೆಟ್ಟು. ಬೆಳಗ್ಗೆ ಸಂಜೆ ಜ್ವರ ನೋಡಿ ಬರೆದಿಡಿ, 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸರಿ. ಧನುರ್ವಾಯು ಲಸಿಕೆ ಆಗಿಲ್ಲದಿದ್ದರೆ ನಾಲ್ಕರಿಂದ ಆರು ವಾರದ ಅಂತರದಲ್ಲಿ ಎರಡು ಸಲ, ಆಮೇಲೆ ವರ್ಷಕ್ಕೊಮ್ಮೆ.

ನಮ್ಮ ಕಡೆ ಕುರಿ ಮೇಯಿಸುವವರ ಜೊತೆ ಬರುವ ತಟ್ಟುಗಳೂ ಕಾಠಿಯಾವಾಡಿಯ ಸಂಬಂಧಿಗಳೇ?
— ಬೀದರ್ ಜಿಲ್ಲೆಯ ಓದುಗರು

ಮಹಾರಾಷ್ಟ್ರದ ಧನಗರರ ಜೊತೆ ಮರಿ, ಪಾತ್ರೆ, ಬಿಡಾರ ಹೊತ್ತು ಬರುವ ತಟ್ಟುಗಳಾದರೆ ಅವು ಬೇರೆ, ಭೀಮಥಡಿ ತಳಿ ಆಗಿರಬಹುದು. ಪುಣೆ, ಸಾತಾರಾ, ಸೊಲ್ಲಾಪುರದ ಕಡೆಯ ಈ ದಖನಿ ತಟ್ಟು ಇತ್ತೀಚೆಗೆ ಸ್ವತಂತ್ರ ತಳಿಯೆಂದು ನೋಂದಣಿಯಾಗಿದೆ. ಭೀಮಾ ನದಿಯ ತಡಿಯದು, ಅದಕ್ಕೇ ಆ ಹೆಸರು. ಕನ್ನಡದಲ್ಲಿ ತಡಿ ಎಂದರೆ ನದಿಯ ದಂಡೆಯೂ ಹೌದು, ಕುದುರೆಯ ಜೀನೂ ಹೌದು. ಭೀಮಥಡಿ ಕಾಠಿಯಾವಾಡಿಗಿಂತ ಕುಳ್ಳು, ಹೆಚ್ಚಾಗಿ ಹೇರಿಗೆ ಬಳಕೆ. ನಮ್ಮ ಗಡಿಯಾಚೆಗೇ ಇರುವ ಈ ತಳಿಯೂ ಗಮನಕ್ಕೆ ಅರ್ಹ. ಅವನ್ನು ಕೊಂಡು ಬಾಗಿದ ಕಿವಿಯ ಕುದುರೆಯೊಡನೆ ಬೆರೆಸುವ ಯೋಚನೆ ಬೇಡ.

ನಾವು ಅಮೆರಿಕದಲ್ಲಿದ್ದೇವೆ. ಒಂದು ಕಾಠಿಯಾವಾಡಿಯನ್ನು ಇಲ್ಲಿಗೆ ತರಿಸಬಹುದೇ?
— ಹ್ಯೂಸ್ಟನ್ನಿನ ಓದುಗರು

ಸುಲಭವಲ್ಲ. ಭಾರತದಿಂದ ಈ ತಳಿಯ ರಫ್ತಿಗೆ ನಿರ್ಬಂಧವಿದೆ, ಪರವಾನಗಿ ಬೇಕು. ಅಲ್ಲಿ ಇಳಿದ ಮೇಲೆ ಗ್ಲ್ಯಾಂಡರ್ಸ್, ಸೋಂಕಿನ ರಕ್ತಹೀನತೆ, ಉಣ್ಣಿಹುಳುವಿನಿಂದ ಬರುವ ಪೈರೋಪ್ಲಾಸ್ಮೋಸಿಸ್ ಮುಂತಾದ ಪರೀಕ್ಷೆಗಳನ್ನು ದಾಟಬೇಕು. ನಿಮಗೆ ಬೇಕಾದ್ದು ಪುಟ್ಟ ಮೈಯ ಹಿತವಾದ ಪಕ್ಕನಡೆಯಾದರೆ ಅಲ್ಲಿಯೇ ಪಾಸೊ ಫೀನೊ, ರಾಕಿ ಮೌಂಟನ್, ಐಸ್‌ಲ್ಯಾಂಡಿನ ಕುದುರೆಗಳು ಸಿಗುತ್ತವೆ. ಮೇಲೆ ಹೇಳಿದ ತಕಧಿಮಿ ಪರೀಕ್ಷೆ ಅವಕ್ಕೂ ಸಲ್ಲುತ್ತದೆ.

ಹೊಟ್ಟೆಶೂಲೆ ಬಂದ ಕುದುರೆಗೆ ಗೊಟ್ಟದಲ್ಲಿ ಎಣ್ಣೆ ಕುಡಿಸಬಹುದೇ?
— ಕೊಪ್ಪಳದ ಓದುಗರು

ಬೇಡ. ಎತ್ತಿಗೆ ಕುಡಿಸಿದ ಹಾಗೆ ತಲೆಯೆತ್ತಿ ಗೊಟ್ಟ ಹಾಕಿದರೆ ಎಣ್ಣೆ ಶ್ವಾಸನಾಳಕ್ಕೆ ಹೋಗುತ್ತದೆ, ಹೊಟ್ಟೆಶೂಲೆಯಿಂದ ಬದುಕಿದ ಕುದುರೆ ಎದೆಯ ಸೋಂಕಿನಿಂದ ಸಾಯುತ್ತದೆ. ಕುದುರೆಗೆ ವಾಂತಿ ಮಾಡಲು ಬಾರದು. ಎಣ್ಣೆ ಕೊಡಲೇಬೇಕಾದರೆ ಪಶುವೈದ್ಯರು ಮೂಗಿನ ಮೂಲಕ ಹೊಟ್ಟೆಗೆ ಕೊಳವೆ ಇಳಿಸಿ ಕೊಡುತ್ತಾರೆ. ಅವರು ಬರುವವರೆಗೆ ಮೇವು ತೆಗೆದುಬಿಡಿ. ಕೈಯಲ್ಲಿ ಹಿಡಿದು ಹತ್ತು ನಿಮಿಷ ಮೆಲ್ಲಗೆ ನಡೆಸಿ, ಸುಮ್ಮನೆ ಮಲಗಿದ್ದರೆ ಎಬ್ಬಿಸಬೇಡಿ. ದವಡೆಯ ಕೆಳಗಿನ ನಾಡಿಯನ್ನು ಬೆರಳಿಟ್ಟು ನಿಮಿಷಕ್ಕೆ ಎಣಿಸಿ: 28ರಿಂದ 44 ಸಹಜ, 60 ದಾಟಿದರೆ ಫೋನಿನಲ್ಲಿ ಆ ಸಂಖ್ಯೆಯನ್ನೇ ಮೊದಲು ಹೇಳಿ. ಕೊನೆಯ ಲದ್ದಿ ಯಾವಾಗ ಹಾಕಿತು, ಮೆದುವೋ ಗಟ್ಟಿಯೋ ಎಂಬುದನ್ನೂ ತಿಳಿಸಿ.

ನಮ್ಮಲ್ಲಿ ಒಂದು ಕಾಠಿಯಾವಾಡಿ ಹೆಣ್ಣು ಕುದುರೆಯಿದೆ. ಕುಣಿಗಲ್ ಕಡೆಯ ಥರೋಬ್ರೆಡ್ ಗಂಡಿಗೆ ಬಿಟ್ಟರೆ ಎತ್ತರದ ಮರಿ ಸಿಗಬಹುದಲ್ಲವೇ?
— ತುಮಕೂರಿನ ಓದುಗರು

ಎತ್ತರ ಸಿಗಬಹುದು. ಆದರೆ ಥರೋಬ್ರೆಡ್ ದುಡುಕಿ ಮತ್ತು ನಾಗಾಲೋಟದ ಕುದುರೆ. ಮರಿಯಲ್ಲಿ ರೇವಾಲ್ ಉಳಿಯುವ ಭರವಸೆಯಿಲ್ಲ, ಬಂದರೂ ಅರೆಬರೆ. ಆ ಮರಿ ಪಂದ್ಯಕ್ಕೂ ಸಲ್ಲದು, ತಳಿಯ ಪುಸ್ತಕಕ್ಕೂ ಸೇರದು. ಕಾಠಿಯಾವಾಡಿ 152 ಸೆಂ.ಮೀ. ದಾಟಿದರೆ ಅದರ ಕಟ್ಟು ಒರಟಾಗುತ್ತದೆ ಎಂಬುದು ಹಳೆಯ ತಳಿಗಾರರ ಮಾತು, ಅದನ್ನು ನಾವೂ ಒಪ್ಪುತ್ತೇವೆ.

ಇನ್ನೊಂದು ಲೆಕ್ಕ ಹಾಕಿ. ಹೆಣ್ಣು ಕುದುರೆ ಮರಿ ಹೊರುವುದು ಸುಮಾರು ಹನ್ನೊಂದು ತಿಂಗಳು, ಆಮೇಲೆ ಆರು ತಿಂಗಳು ಹಾಲು. ವರ್ಷಕ್ಕೊಂದು ಮರಿ ಎಂದುಕೊಂಡರೂ ಜೀವಮಾನದಲ್ಲಿ ಎಂಟೋ ಹತ್ತೋ. ಬೆರಕೆಗೆ ಬಿಟ್ಟ ಪ್ರತಿ ವರ್ಷವೂ ಶುದ್ಧ ತಳಿಗೆ ಒಂದು ಮರಿ ಕಡಿಮೆ. ಗಂಡು ಕುದುರೆ ನೂರಾರು ಮರಿಗಳಿಗೆ ತಂದೆಯಾಗಬಹುದು, ತಳಿ ಉಳಿಯುವುದು ಹೆಣ್ಣುಗಳ ಎಣಿಕೆಯ ಮೇಲೆ. ನಿಮ್ಮ ಕುದುರೆಯ ನೋಂದಣಿ ಪತ್ರ ತೆಗೆದು ತಾಯಿ, ಅಜ್ಜಿಯ ಹೆಸರು ನೋಡಿ, ಮೂರು ತಲೆಮಾರಿನಲ್ಲಿ ಆ ಹೆಸರುಗಳು ಬಾರದ ಕಾಠಿಯಾವಾಡಿ ಗಂಡು ಹುಡುಕಿ. ಗಂಡಿನ ಕಿವಿ ನೋಡುವ ಮೊದಲು ಅದನ್ನು ಗಟ್ಟಿ ನೆಲದ ಮೇಲೆ ಓಡಿಸಿ ಕೇಳಿ. ಹತ್ತಿರದಲ್ಲಿ ಸಿಗದಿದ್ದರೆ ಒಂದು ವರ್ಷ ಕಾಯಿರಿ, ಅದರಿಂದ ಹೆಣ್ಣಿಗೆ ಏನೂ ನಷ್ಟವಿಲ್ಲ.